ಕೂತರೆ ಸುಡದ ಬೆಂಚು ಆರಿಸುವುದು ಹೇಗೆ?

ಅಂಗಳಕ್ಕೋ ಟೆರೇಸಿಗೋ ಒಂದು ಬೆಂಚು ಹಾಕಿಸಬೇಕು ಅಂದರೆ ಸಾಕು, ‘ಕಲ್ಲು ಹಾಕ್ಸಿ, ತಂಪಾಗಿರುತ್ತೆ’ ಎನ್ನುವ ಸಲಹೆ ಬರುತ್ತದೆ. ಅರಳಿಕಟ್ಟೆಯ ಕಲ್ಲು ತಂಪಾಗಿರುವುದು ನಿಜ. ಆದರೆ ಅದು ಮರದ ನೆರಳಿನ ಪುಣ್ಯ. ಅದೇ ಚಪ್ಪಡಿಯನ್ನು ಬಯಲಲ್ಲಿ ಹಾಕಿದರೆ ಏಪ್ರಿಲ್ ಮಧ್ಯಾಹ್ನ ಕೈ ಇಡಲೂ ಆಗುವುದಿಲ್ಲ.

ಹಾಗಾಗಿ ಅಂಗಡಿಗೆ ಹೋಗುವ ಮೊದಲು ನೀವು ಯಾವ ಹೊತ್ತಿನಲ್ಲಿ ಕೂರುತ್ತೀರಿ ಎಂದು ಯೋಚಿಸಿ. ಬೆಳಗ್ಗೆ ಕಾಫಿ ಕುಡಿಯೋಕೆ ಮಾತ್ರವಾದರೆ ಕಲ್ಲು ಚೆನ್ನ, ರಾತ್ರಿಯೆಲ್ಲಾ ಆರಿರುತ್ತದೆ. ಸಂಜೆಗಾದರೆ ಬೇಡ. ಕಲ್ಲು, ಕಾಂಕ್ರೀಟು ಹಗಲೆಲ್ಲಾ ಕುಡಿದ ಬಿಸಿಯನ್ನು ಹೊತ್ತು ಮುಳುಗಿದ ಮೇಲೂ ನಿಧಾನವಾಗಿ ಬಿಡುತ್ತಲೇ ಇರುತ್ತವೆ. ಪಾರ್ಕಿನಲ್ಲಿ ವಾಕಿಂಗ್ ಮುಗಿಸಿ ಕರಿ ಗ್ರಾನೈಟ್ ಬೆಂಚಿನ ಮೇಲೆ ಕೂತವರನ್ನು ಕೇಳಿ ನೋಡಿ.

ಮುಂದೆ ವಸ್ತು. ಬಿಸಿಲಿಗಿಟ್ಟರೆ ಮರವೂ ಕಾಯುತ್ತದೆ. ಆದರೆ ಅದು ಒಳಗಿನ ಬಿಸಿಯನ್ನು ಚರ್ಮಕ್ಕೆ ದಾಟಿಸುವುದು ಬಹಳ ನಿಧಾನ. ಶಾಖ ಹರಿಸುವ ಗುಣದ ಅಳತೆಯಲ್ಲಿ ಮರ ಸುಮಾರು 0.15, ಗ್ರಾನೈಟ್ 3ರ ಹತ್ತಿರ, ಸ್ಟೇನ್‌ಲೆಸ್ ಸ್ಟೀಲ್ 15ರ ಆಸುಪಾಸು, ಅಲ್ಯೂಮಿನಿಯಂ 200ರ ಮೇಲೆ. ಒಂದೇ ಬಿಸಿಲಲ್ಲಿ ಕಾದರೂ ಮರದ ಮೇಲೆ ಕೂರಬಹುದು, ಕಬ್ಬಿಣದ ಮೇಲೆ ಕೂತವರು ಥಟ್ಟನೆ ಏಳುತ್ತಾರೆ. ಸ್ಟೀಲು ಫಳಫಳ ಹೊಳೆಯುತ್ತದೆ, ಬಿಸಿಲನ್ನು ವಾಪಸ್ ಕಳಿಸುತ್ತದೆ ಅಂತ ನಂಬಬೇಡಿ. ಹೊಳೆಯುವ ಲೋಹ ಮುಟ್ಟಿದ ಚರ್ಮಕ್ಕೆ ಬಿಸಿಯನ್ನು ಬೇಗ ದಾಟಿಸಿದರೂ, ಒಮ್ಮೆ ಕಾದರೆ ಅದನ್ನು ಕಿರಣವಾಗಿ ಸುಲಭವಾಗಿ ಹೊರಗೆ ಬಿಡುವುದಿಲ್ಲ.

ಬಣ್ಣವನ್ನೂ ಮರೆಯಬೇಡಿ. ಕಡಪ ಕಲ್ಲು, ಕರಿ ಗ್ರಾನೈಟ್, ಗಾಢ ಕಂದು ಪಾಲಿಶ್ ಎಲ್ಲವೂ ಬಿಸಿಲನ್ನು ಹೀರುತ್ತವೆ. ಮರದ ಪುಡಿ, ಪ್ಲಾಸ್ಟಿಕ್ ಸೇರಿಸಿ ಮಾಡಿದ ಹಲಗೆಗೆ ಗೆದ್ದಲು ಹಿಡಿಯುವ ಭಯ ಕಡಿಮೆ ನಿಜ, ಆದರೆ ಗಾಢ ಬಣ್ಣದ್ದು ಜಾಸ್ತಿ ಕಾಯುತ್ತದೆ. ಈಗಾಗಲೇ ಸಿಮೆಂಟ್ ಬೆಂಚು ಇದ್ದರೆ ಒಡೆಯುವುದು ಬೇಡ, ಮೇಲೆ ಬಿಳಿ ಟೈಲ್ಸ್ ಚೂರು ಕೂರಿಸಿ. ಸುಣ್ಣ ಬಳಿದರೂ ಬಿಸಿ ಇಳಿಯುತ್ತದೆ, ಆದರೆ ಬಟ್ಟೆಗೆ ಮೆತ್ತಿಕೊಳ್ಳುತ್ತದೆ.

ಅಂಗಡಿಯವರ ಮಾತಿಗಿಂತ ನಿಮ್ಮ ಅಂಗೈಯನ್ನು ನಂಬಿ. ಒಂದೊಂದು ಸ್ಯಾಂಪಲ್ ತುಂಡು ಕೇಳಿ ತನ್ನಿ. ಬೆಂಚು ಬರುವ ಜಾಗದಲ್ಲೇ ಬೆಳಗ್ಗೆಯಿಂದ ಬಿಸಿಲಿಗಿಡಿ. ನೀವು ಕೂರುವ ಹೊತ್ತಿಗೆ ಹೋಗಿ ಮೊದಲು ಬೆರಳ ತುದಿ ತಾಗಿಸಿ, ತಡೆಯುವಂತಿದ್ದರೆ ಅಂಗೈ ಊರಿ ನಿಧಾನವಾಗಿ ಐದು ಎಣಿಸಿ. ಅಷ್ಟರಲ್ಲಿ ಕೈ ಎತ್ತಬೇಕೆನಿಸಿದರೆ ಆ ವಸ್ತು ಬೇಡ. ಜ್ವರ ನೋಡುವ ಗನ್ನಿನಂಥ ಥರ್ಮಾಮೀಟರ್ ಇದ್ದವರಿಗೆ ಒಂದು ಎಚ್ಚರಿಕೆ: ಹೊಳೆಯುವ ಸ್ಟೀಲಿನ ಮೇಲೆ ಅದು ಕಡಿಮೆ ಬಿಸಿ ತೋರಿಸಿ ಮೋಸ ಮಾಡುತ್ತದೆ. ವೈರಿಗೆ ಸುತ್ತುವ ಕಪ್ಪು ಟೇಪಿನ ಚೂರನ್ನು ಸ್ಟೀಲಿಗೆ ಅಂಟಿಸಿ, ಐದು ನಿಮಿಷ ಬಿಟ್ಟು ಟೇಪಿನ ಮೇಲೆ ನೋಡಿ.

ನನ್ನನ್ನು ಕೇಳಿದರೆ, ಕಾಲಿಗೆ ಕಲ್ಲು, ಮೇಲೆ ತೇಗದ ಪಟ್ಟಿಗಳು. ಕಲ್ಲಿನ ಕಾಲಿದ್ದರೆ ಮರ ಮಣ್ಣಿಗೆ ತಾಗುವುದಿಲ್ಲ, ಗೆದ್ದಲಿನ ಕಾಟ ಕಡಿಮೆ. ಪಟ್ಟಿಗಳ ನಡುವೆ ಒಂದು ಸೆಂಟಿಮೀಟರ್ ಸಂದು ಬಿಡಿಸಿ, ಗಾಳಿಯೂ ಆಡುತ್ತದೆ, ಮಳೆ ನೀರೂ ಇಳಿಯುತ್ತದೆ. ಪಾಲಿಶ್ ಬದಲು ತಿಳಿ ಎಣ್ಣೆ ಸಾಕು. ಬಡಗಿಗೆ ಇನ್ನೊಂದು ಮಾತು ಹೇಳಿ: ಸ್ಕ್ರೂ ತಲೆಗಳನ್ನು ಮರದೊಳಗೆ ಇಳಿಸಿ ಮುಚ್ಚಬೇಕು. ಪಟ್ಟಿ ತಡೆಯುವಂತಿದ್ದರೂ, ಕಾದ ಸ್ಕ್ರೂ ಒಂದು ತೊಡೆಗೆ ತಾಗಿದರೆ ಚುರ್ ಅನ್ನುತ್ತದೆ.