ಹತ್ತು ರೂಪಾಯಿ ನಾಣ್ಯದ ಅಭ್ಯರ್ಥಿ

2018ರ ಏಪ್ರಿಲ್, ವಿಧಾನಸಭೆ ಚುನಾವಣೆಯ ಸಮಯ. ಪತ್ರಿಕೆಗೆ ಸೇರಿ ಎಂಟು ತಿಂಗಳಾಗಿತ್ತು. ನನ್ನ ಹೆಸರು ಹಾಕಿದ ವರದಿ, ಅಂದರೆ ಬೈಲೈನ್, ಒಂದೂ ಬಂದಿರಲಿಲ್ಲ. "ಒಬ್ಬ ಪಕ್ಷೇತರ ನಿಲ್ತಿದಾನೆ. ದುಡ್ಡಿದೆ, ಸ್ವಲ್ಪ ತಿಕ್ಕಲು. ತಮಾಷೆಯಾಗಿ ಒಂದು ಐಟಂ ಮಾಡ್ಕೊಂಡು ಬಾ" ಎಂದರು ಬ್ಯೂರೋ ಚೀಫ್. ತುಮಕೂರು ಜಿಲ್ಲೆಯ ಆ ಊರಿಗೆ ಬೆಳಿಗ್ಗೆ ಬಸ್ಸಿಗೇ ಹೋದೆ.

ಗೇಟಿನ ಮೇಲೆ ಎರಡು ಸಿಮೆಂಟ್ ಆನೆ. ಹಾಲ್‌ನಲ್ಲಿ ಹಿತ್ತಾಳೆಯವು, ಮರದವು, ಲೆಕ್ಕವಿಲ್ಲ. ಬಿಳಿ ಪಂಚೆ ಉಟ್ಟು ಕಾಲಿಗೆ ಓಟದ ಶೂ ಹಾಕಿದ್ದ ಯಜಮಾನರಿಗೆ ಕೂತು ಮಾತಾಡಿ ಗೊತ್ತೇ ಇಲ್ಲ. ತೆಂಗಿನ ತೋಟ ಸುತ್ತುತ್ತಲೇ ಉತ್ತರ ಕೊಡುತ್ತಿದ್ದರು. ನಾನು ಹಿಂದೆ ಓಡುತ್ತಾ ಬರೆದುಕೊಂಡೆ. ನನ್ನ ಅಕ್ಷರ ನನಗೇ ಅರ್ಥವಾಗಲಿಲ್ಲ.

"ನಂಗೆ ಆನೆ ಗುರ್ತೇ ಬೇಕಮ್ಮಾ."

"ಸರ್, ಅದು ಬಿಎಸ್‌ಪಿಯವರದ್ದು."

"ಕೇಳಿದ್ರೆ ಕೊಡ್ತಾರೆ ಬಿಡು. ಇಲ್ಲಿ ಅವ್ರಿಗೇನು ಕೆಲ್ಸ?"

ಪಕ್ಷೇತರರು ಮುಕ್ತ ಚಿಹ್ನೆಗಳ ಪಟ್ಟಿಯಿಂದಲೇ ಮೂರು ಆರಿಸಿ ನಾಮಪತ್ರದಲ್ಲಿ ಬರೆಯಬೇಕು. ಆ ಪಟ್ಟಿಗೆ ಹೊಸದಾಗಿ ಪ್ರಾಣಿಗಳನ್ನು ಸೇರಿಸುವುದನ್ನು ಚುನಾವಣಾ ಆಯೋಗ ಎಂದೋ ನಿಲ್ಲಿಸಿದೆ. ಇದನ್ನು ಹೇಳಿದರೆ ಕೇಳಿಸಿಕೊಳ್ಳುವವರು ಯಾರು? "ಬರ್ಕೋ, ಇನ್ನೂರು ಕೋಟಿ ಆಸ್ತಿ ನಂದು" ಎಂದು ಮುಂದಿನ ತೆಂಗಿನ ಸಾಲಿಗೆ ಹೋದರು.

ಹೊರಡುವಾಗ ಸ್ವೀಟ್ ಡಬ್ಬಿ ಕೊಟ್ಟರು. ದುಡ್ಡು ಕೊಟ್ಟು ಸುದ್ದಿ ಹಾಕಿಸುವ ಪ್ಯಾಕೇಜ್ ಎಷ್ಟಾಗುತ್ತದೆ ಅಂತ ನಿಮ್ಮ ಸಾಹೇಬರನ್ನು ಕೇಳು ಎಂದೂ ಹೇಳಿದರು. ಡಬ್ಬಿಯನ್ನು ಅಲ್ಲೇ ಬಿಚ್ಚಿದೆ. ತಳದಲ್ಲಿ ಕವರ್ ಇತ್ತು. ಒಂದು ತುಂಡು ಮೈಸೂರ್ ಪಾಕ್ ತಿಂದು, ಉಳಿದದ್ದನ್ನು ಕವರ್ ಸಮೇತ ಅವರ ಟೇಬಲ್ ಮೇಲಿಟ್ಟೆ. ಆ ಒಂದು ತುಂಡು ತಿಂದದ್ದು ಸರಿಯೋ ತಪ್ಪೋ, ಹಸಿವಂತೂ ಆಗಿತ್ತು.

ರಾತ್ರಿ ಕೂತು ಆನೆ, ಶೂ, ತೋಟದ ಸುತ್ತಾಟ ಎಲ್ಲ ಬರೆದೆ. ಚೀಫ್ ಓದಿ ನಕ್ಕರು. ಆಮೇಲೆ, "ಇವನ್ಯಾಕೆ ನಿಲ್ತಿದಾನೆ?" ಎಂದು ಕೇಳಿದರು. ತಮಾಷೆ ಐಟಂ ಬೇಕೆಂದವರೂ ಇವರೇ! ಆದರೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅಭ್ಯರ್ಥಿಯ ಬಾಯಿಂದ ಬಂದದ್ದನ್ನೆಲ್ಲ ಬರೆದುಕೊಂಡಿದ್ದೆ. ಅವರನ್ನು ಬಲ್ಲ ಒಬ್ಬರನ್ನೂ ಮಾತಾಡಿಸಿರಲಿಲ್ಲ.

ಏಪ್ರಿಲ್ 24, ನಾಮಪತ್ರಕ್ಕೆ ಕೊನೆಯ ದಿನ. ಸಾಮಾನ್ಯ ಅಭ್ಯರ್ಥಿಗೆ ಠೇವಣಿ 10,000 ರೂಪಾಯಿ. ಇವರು ಅದನ್ನು ಹತ್ತು ರೂಪಾಯಿ ನಾಣ್ಯದಲ್ಲೇ ತಂದಿದ್ದರು, ಒಂದು ಸಾವಿರ ನಾಣ್ಯ. "ಅಂಗಡಿಯವ್ರು ತಗೊಳಲ್ಲ ಅಂತಾರೆ. ಸರ್ಕಾರ ತಗೊಳ್ಳೇಬೇಕಲ್ಲ?" ಕ್ಯಾಮೆರಾದವರೆಲ್ಲ ಮೂಟೆಯ ಹಿಂದೆ ಬಿದ್ದರು.

ಪಕ್ಷೇತರನಿಗೆ ಅದೇ ಕ್ಷೇತ್ರದ ಹತ್ತು ಮತದಾರರು ಸೂಚಕರಾಗಿ ಸಹಿ ಹಾಕಬೇಕು. ಒಳಗೆ ಅಭ್ಯರ್ಥಿ ಸೇರಿ ಐದೇ ಜನಕ್ಕೆ ಪ್ರವೇಶ. ಉಳಿದ ಸೂಚಕರು ಹೊಂಗೆ ಮರದ ಕೆಳಗೆ ಕೂತಿದ್ದರು. ಒಳಗೆ ನಾಣ್ಯ ಎಣಿಸಿ ಮುಗಿಯುವವರೆಗೆ ನಾನೂ ಅಲ್ಲೇ ಕೂತೆ. ಪೆನ್ನು ತೆಗೆಯಲಿಲ್ಲ. ಮಳೆ, ಕೊಬ್ಬರಿ ರೇಟು ಅಂತ ಸುಮ್ನೆ ಮಾತಾಡಿದೆ. ಒಬ್ಬ ಅಜ್ಜ ತಾವಾಗಿಯೇ ಬಾಯಿ ಬಿಟ್ಟರು: "ಸೈಟಿಗೆ ಅಡ್ವಾನ್ಸ್ ಕೊಟ್ಟು ಮೂರು ವರ್ಷ ಆತು. ಸಹಿ ಹಾಕು, ರಿಜಿಸ್ಟ್ರಿ ಮಾಡಿಸ್ತೀನಿ ಅಂದ್ರು. ನನ್ನ ಹೆಸ್ರು ಹಾಕ್ಬೇಡ ಮಗಾ." ಇನ್ನೂ ಮೂವರದ್ದು ಅದೇ ಕತೆ.

ಅಭ್ಯರ್ಥಿ ಕೊಡುವ ನಮೂನೆ 26ರ ಪ್ರಮಾಣಪತ್ರವನ್ನು ಯಾರು ಬೇಕಾದರೂ ನೋಡಬಹುದು. ಚುನಾವಣಾಧಿಕಾರಿ ಕಚೇರಿಯ ಫಲಕದಲ್ಲೂ ಆಯೋಗದ ವೆಬ್‌ಸೈಟ್‌ನಲ್ಲೂ ಹಾಕುತ್ತಾರೆ. ಎಲ್ಲರೂ ಮೊದಲು ಆಸ್ತಿಯ ಪುಟ ನೋಡುತ್ತಾರೆ. ನಾನು ಸಾಲದ ಪುಟಕ್ಕೆ ಹೋದೆ. ಆಸ್ತಿ ಸುಮಾರು 9 ಕೋಟಿ, ಸಾಲ 12 ಕೋಟಿ. ಅದರೊಳಗೆ ಒಂದು ಸಾಲು: ನಿವೇಶನಕ್ಕೆ ಪಡೆದ ಮುಂಗಡ. ಆಸ್ತಿ ಬಚ್ಚಿಡುವವರನ್ನು ಎಲ್ಲರೂ ನೋಡಿರುತ್ತಾರೆ. ಇಲ್ಲದ್ದನ್ನು ಇದೆ ಅಂತ ಹೇಳಿಕೊಂಡು ತಿರುಗುವವರನ್ನು ನಾನು ನೋಡಿದ್ದು ಅದೇ ಮೊದಲು.

ಬರೆಯುವ ಮೊದಲು ಅವರಿಗೆ ಫೋನ್ ಮಾಡಿದೆ. ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. "ಸಾಲ ಇಲ್ದೆ ದೊಡ್ಡವನಾದವನು ಯಾರಿದಾನಮ್ಮಾ? ಲೇಔಟ್ ಅಪ್ರೂವಲ್ ಸಿಕ್ಕಿಲ್ಲ. ಎಮ್ಮೆಲ್ಲೆ ಆದ್ರೆ ತಾನಾಗೇ ಮನೆಗೆ ಬರುತ್ತೆ" ಎಂದರು.

"ಇದನ್ನ ಬರೀಬಹುದಾ ಸರ್?"

"ಬರಿ. ಆನೆದೂ ಬರಿ."

ಆನೆಗೆ ಒಂದೇ ಸಾಲು ಸಿಕ್ಕಿತು. ಅಜ್ಜನ ಹೆಸರೂ ಊರೂ ಹಾಕಲಿಲ್ಲ. ಬೈಲೈನ್ ಬಂತು.

ಮೇ 15, ಎಣಿಕೆ. ಸಿಂಧು ಮತಗಳ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬಂದರೆ ಠೇವಣಿ ವಾಪಸ್. ಇವರು ಅದರ ಹತ್ತಿರಕ್ಕೂ ಬರಲಿಲ್ಲ. ಸಂಜೆ ಅವರೇ ಫೋನ್ ಮಾಡಿದರು. ಏಜೆಂಟ್ ಬರೆದುಕೊಂಡ ಬೂತ್‌ವಾರು ಲೆಕ್ಕ ಕೈಯಲ್ಲಿತ್ತು. ಆ ಅಜ್ಜನ ಊರಿನ ಬೂತ್ ನಂಬರ್ ಹೇಳಿದರು.

"ಅಲ್ಲಿ ನನ್ನ ಸೂಚಕರೇ ನಾಲ್ಕು ಜನ ಇದಾರಮ್ಮಾ. ಬಿದ್ದಿರೋದು ಮೂರು ಓಟು. ಅವತ್ತು ಮರದ ಕೆಳಗೆ ಅವರ ಜೊತೆ ನೀನೇ ಕೂತಿದ್ಯಲ್ಲ, ಯಾರು ಕೈ ಕೊಟ್ಟಿದ್ದು?"

"ಗೊತ್ತಿಲ್ಲ ಸರ್" ಎಂದೆ.