‘ಗೆಟ್’ ಪದದ ಅರ್ಥ ಹಿಡಿಯಲು ಅದರ ಮುಂದಿನ ಪದವನ್ನು ನೋಡಿ

ಇಂಗ್ಲಿಷಿನ ‘ಗೆಟ್’ ಕ್ರಿಯಾಪದಕ್ಕೆ ನಿಘಂಟುಗಳು ಕೊಡುವ ಹತ್ತಾರು ಅರ್ಥಗಳನ್ನು ಬಾಯಿಪಾಠ ಮಾಡುವುದು ವ್ಯರ್ಥ ಶ್ರಮ. ವಾಕ್ಯದಲ್ಲಿ ಅದರ ಬೆನ್ನಿಗೇ ಯಾವ ಬಗೆಯ ಪದ ಬಂದಿದೆಯೆಂದು ಗಮನಿಸಿದರೆ ಅರ್ಥ ಬಹುಮಟ್ಟಿಗೆ ತಾನಾಗಿ ತಿಳಿಯುತ್ತದೆ.

ಮುಂದೆ ನಾಮಪದವಿದ್ದರೆ ಸಿಗುವ, ಪಡೆಯುವ ಅಥವಾ ತರುವ ಅರ್ಥ: ‘ಐ ಗಾಟ್ ಎ ಲೆಟರ್’ ಎಂದರೆ ನನಗೆ ಪತ್ರ ಬಂತು, ‘ಗೆಟ್ ಮಿ ಎ ಚೇರ್’ ಎಂದರೆ ನನಗೊಂದು ಕುರ್ಚಿ ತಂದುಕೊಡು. ಗುಣವಾಚಕವಿದ್ದರೆ ಅದು ನಮ್ಮ ‘ಆಗು’. ‘ಇಟ್ ಈಸ್ ಗೆಟಿಂಗ್ ಡಾರ್ಕ್’ ಎಂಬುದು ‘ಕತ್ತಲಾಗುತ್ತಿದೆ’ ಎಂಬುದಕ್ಕೆ ಸಮ. ಸ್ಥಳಸೂಚಕವಿದ್ದರೆ ತಲುಪುವುದು ಎಂದರ್ಥ.

ಕನ್ನಡಿಗರು ಹೆಚ್ಚಾಗಿ ಎಡವುವುದು ಬೇರೆಯವರಿಂದ ಕೆಲಸ ಮಾಡಿಸಿದ್ದನ್ನು ಹೇಳುವಾಗ. ನಮ್ಮಲ್ಲಿ ಹೊಲಿ ಎಂಬುದು ಹೊಲಿಸು ಎಂದೂ, ತೊಳೆ ಎಂಬುದು ತೊಳೆಸು ಎಂದೂ ಪ್ರತ್ಯಯದಿಂದಲೇ ಪ್ರೇರಣಾರ್ಥಕವಾಗುತ್ತದೆ. ಇಂಗ್ಲಿಷಿನ ಕ್ರಿಯಾಪದಗಳಿಗೆ ಸಾಮಾನ್ಯವಾಗಿ ಆ ಅನುಕೂಲವಿಲ್ಲ. ಆದ್ದರಿಂದ ‘ಐ ಸ್ಟಿಚ್ಡ್ ಎ ಶರ್ಟ್’ ಎಂದರೆ ಕೇಳಿದವರು ನೀವೇ ಸೂಜಿ ಹಿಡಿದಿರಿ ಎಂದು ತಿಳಿಯುತ್ತಾರೆ. ದರ್ಜಿಯಿಂದ ಹೊಲಿಸಿದ್ದರೆ ‘ಐ ಗಾಟ್ ಎ ಶರ್ಟ್ ಸ್ಟಿಚ್ಡ್’ ಎನ್ನಬೇಕು. ಮೊದಲು ವಸ್ತು, ಆಮೇಲೆ ಕ್ರಿಯೆಯ ಭೂತಕೃದಂತ (ಇಲ್ಲಿನ ‘ಸ್ಟಿಚ್ಡ್’ನಂಥ, ಕ್ರಿಯಾಪದದ ಮೂರನೆಯ ರೂಪ), ಇದೇ ಕ್ರಮ. ಕೆಲಸ ಮಾಡಿದ ವ್ಯಕ್ತಿಯನ್ನೂ ಹೇಳುವುದಾದರೆ ‘ಐ ಗಾಟ್ ಹಿಮ್ ಟು ರಿಪೇರ್ ಇಟ್’ ಎಂದು ನಡುವೆ ‘ಟು’ ಸೇರಿಸಬೇಕು. ಇಲ್ಲಿ ‘ಗಾಟ್’ ಬದಲು ‘ಮೇಡ್’ ಬಳಸಿದರೆ ‘ಟು’ ಬಿಟ್ಟುಹೋಗುವುದಲ್ಲದೆ, ಒಪ್ಪಿಸಿ ಮಾಡಿಸಿದ್ದು ಒತ್ತಾಯದಿಂದ ಮಾಡಿಸಿದ್ದಾಗಿ ಬದಲಾಗುತ್ತದೆ. ನಮ್ಮ ‘ಮಾಡಿಸಿದೆ’ ಎಂಬ ರೂಪ ಈ ವ್ಯತ್ಯಾಸವನ್ನು ತೋರಿಸುವುದಿಲ್ಲವಾದ್ದರಿಂದ ಇದನ್ನು ಪ್ರತ್ಯೇಕವಾಗಿಯೇ ಕಲಿಯಬೇಕಾಗುತ್ತದೆ. ನಡುವೆ ಕರ್ಮಪದವಿಲ್ಲದೆ ಭೂತಕೃದಂತವೇ ನೇರವಾಗಿ ಬಂದರೆ ಅದು ಸಾಮಾನ್ಯವಾಗಿ ಕರ್ಮಣಿ ಪ್ರಯೋಗ: ‘ಹಿ ಗಾಟ್ ಕಾಟ್’, ಅಂದರೆ ಸಿಕ್ಕಿಬಿದ್ದ.

ಬಾಯಿಪಾಠ ನಿಜವಾಗಿಯೂ ಬೇಕಾಗುವುದು ‘ಅಪ್’, ‘ಓವರ್’ ಮುಂತಾದ ಕಿರುಪದಗಳು ಸೇರಿದಾಗ. ‘ಗೆಟ್ ಓವರ್’ ಎಂದರೆ ಕಾಯಿಲೆಯಿಂದಲೋ ದುಃಖದಿಂದಲೋ ಚೇತರಿಸಿಕೊಳ್ಳುವುದು. ‘ಗೆಟ್ ಅವೇ ವಿತ್’ ಎಂದರೆ ತಪ್ಪು ಮಾಡಿಯೂ ಶಿಕ್ಷೆಯಿಲ್ಲದೆ ಪಾರಾಗುವುದು. ಕನ್ನಡದಲ್ಲಿ ಬಸ್ಸನ್ನೂ ಹತ್ತುತ್ತೇವೆ, ಕಾರನ್ನೂ ಹತ್ತುತ್ತೇವೆ. ಇಂಗ್ಲಿಷಿನಲ್ಲಿ ಬಸ್ಸು, ರೈಲು, ವಿಮಾನಗಳಿಗೆ ‘ಗೆಟ್ ಆನ್’ ಎಂದೂ ಕಾರಿಗೆ ‘ಗೆಟ್ ಇನ್’ ಎಂದೂ ಹೇಳುವುದು ರೂಢಿ. ಒಳಗೆ ಎದ್ದು ಓಡಾಡಲು ಬರುವ ವಾಹನಕ್ಕೆ ‘ಆನ್’ ಎಂದಿಟ್ಟುಕೊಂಡರೆ ಬಹುತೇಕ ಸರಿಹೋಗುತ್ತದೆ, ಸೈಕಲ್ಲು ಮತ್ತು ಕುದುರೆಯನ್ನು ಬಿಟ್ಟು. ಅವಕ್ಕೂ ‘ಆನ್’ ಎಂದೇ ಹೇಳುತ್ತಾರೆ.

ಅರ್ಜಿ, ವರದಿಗಳಂಥ ಔಪಚಾರಿಕ ಬರವಣಿಗೆಯಲ್ಲಿ ‘ಗೆಟ್’ ಬದಲು ಸಂದರ್ಭಕ್ಕೆ ತಕ್ಕಂತೆ ‘ರಿಸೀವ್’, ‘ಅಬ್ಟೇನ್’, ‘ಬಿಕಮ್’ ಬಳಸುವುದು ಲೇಸು. ಅಮೆರಿಕದ ಬರಹಗಳಲ್ಲಿ ಕಾಣುವ ‘ಗಾಟನ್’ ತಪ್ಪಲ್ಲ: ಅಲ್ಲಿ ‘ಐ ಹ್ಯಾವ್ ಗಾಟ್ ಎ ಕಾರ್’ ಎಂದರೆ ನನ್ನ ಬಳಿ ಕಾರಿದೆ, ‘ಐ ಹ್ಯಾವ್ ಗಾಟನ್ ಎ ಕಾರ್’ ಎಂದರೆ ಕಾರು ಪಡೆದುಕೊಂಡಿದ್ದೇನೆ. ಬ್ರಿಟನ್ನಿನ ರೂಢಿಯಲ್ಲಿ ಎರಡಕ್ಕೂ ‘ಗಾಟ್’ ಸಾಕು.