ಲಾಡ್ಜಿನ ರಿಜಿಸ್ಟರಿನಿಂದ ಸಾಫ್ಟ್‌ವೇರಿಗೆ: ಮೊದಲು ಏನು ಮಾಡಬೇಕು

ಮೈಸೂರು, ಹೊಸಪೇಟೆ, ಮಡಿಕೇರಿಯಂಥ ಊರುಗಳಲ್ಲಿ 20–30 ರೂಮಿನ ಲಾಡ್ಜುಗಳನ್ನು ಸಾಫ್ಟ್‌ವೇರಿನತ್ತ ತಳ್ಳಿದ್ದು ಹೊರಗಿನ ಒತ್ತಡ. ಗಿರಾಕಿ ಮೇಕ್‌ಮೈಟ್ರಿಪ್, ಬುಕಿಂಗ್ ಡಾಟ್ ಕಾಮ್‌ಗಳಲ್ಲಿ ರೂಮು ಹುಡುಕತೊಡಗಿದ. 2017ರ ಜುಲೈನಲ್ಲಿ ಜಿಎಸ್‌ಟಿ ಬಂತು. ವಿದೇಶಿ ಅತಿಥಿ ಬಂದರೆ 24 ಗಂಟೆಯೊಳಗೆ ವಿವರವನ್ನು ಆನ್‌ಲೈನಿನಲ್ಲಿ ಸಲ್ಲಿಸಬೇಕು.

ಈ ಒತ್ತಡಗಳಲ್ಲಿ ನಿಮ್ಮನ್ನು ಹೆಚ್ಚು ಕಾಡುತ್ತಿರುವುದು ಯಾವುದು? ಕಳೆದ ಮೂರು ತಿಂಗಳ ರಿಜಿಸ್ಟರ್ ತೆಗೆದು ಪ್ರತಿ ಬುಕಿಂಗಿನ ಮುಂದೆ ನೇರ, ಫೋನ್, ಆನ್‌ಲೈನ್ ಎಂದು ಗುರುತು ಹಾಕಿ. ಒಂದೇ ಸೈಟಿನಿಂದ ವಾರಕ್ಕೆ ಎರಡು-ಮೂರು ಬುಕಿಂಗ್ ಬರುತ್ತಿದ್ದರೆ ಅವರ ಆ್ಯಪೇ ಸಾಕು, ದುಡ್ಡು ಉಳಿಸಿ. ಎರಡು-ಮೂರು ಸೈಟುಗಳಲ್ಲಿ ರೂಮು ಮಾರುತ್ತಿದ್ದರೆ ಮಾತ್ರ ಹೋಟೆಲ್ ಸಾಫ್ಟ್‌ವೇರಿನ ಜೊತೆ ಚಾನೆಲ್ ಮ್ಯಾನೇಜರ್ ಬೇಕು. ಒಂದು ಕಡೆ ರೂಮು ಹೋದರೆ ಅದು ಉಳಿದೆಲ್ಲ ಕಡೆ ಲೆಕ್ಕ ಇಳಿಸುತ್ತದೆ.

ಚಾನೆಲ್ ಮ್ಯಾನೇಜರ್ ಚಾಲೂ ಮಾಡುವ ಮೊದಲು ಮುಂದಿನ ತಾರೀಖುಗಳ ಎಲ್ಲ ಬುಕಿಂಗ್‌ಗಳನ್ನೂ, ಫೋನಿನಲ್ಲಿ ಒಪ್ಪಿಕೊಂಡ ದಸರಾ ರೂಮುಗಳನ್ನೂ ಸೇರಿಸಿ, ಸಾಫ್ಟ್‌ವೇರಿಗೆ ಹಾಕಿ ಮುಗಿಸಿ. ಇಲ್ಲದಿದ್ದರೆ ಅದು ಲಾಡ್ಜ್ ಪೂರ್ತಿ ಖಾಲಿ ಇದೆಯೆಂದೇ ತಿಳಿದು ಎಲ್ಲ ರೂಮುಗಳನ್ನೂ ಮಾರಾಟಕ್ಕೆ ತೆರೆದಿಡುತ್ತದೆ. ಆಮೇಲೆ ರೂಮಿನ ಜೋಡಣೆ, ಅಂದರೆ ನಿಮ್ಮ ರೂಮು, ದರಗಳನ್ನು ಪ್ರತಿ ಸೈಟಿನಲ್ಲಿರುವ ಹೆಸರು, ದರಗಳಿಗೆ ಹೊಂದಿಸುವುದು. ನಿಮ್ಮ ‘ಎಸಿ ಡಬಲ್’ ಒಂದು ಸೈಟಿನಲ್ಲಿ ‘ಡೀಲಕ್ಸ್’ ಎಂದಿರಬಹುದು. ತಿಂಡಿ ಸೇರಿದ ದರ, ಬರೀ ರೂಮಿನ ದರ ಅದಲುಬದಲಾದರೆ ತಿಂಡಿಯ ಖರ್ಚು ನಿಮ್ಮ ತಲೆಗೇ ಬೀಳುತ್ತದೆ. ಮೂರು ತಿಂಗಳಾಚೆಯ ಒಂದು ತಾರೀಖಿಗೆ ಒಂದು ರೂಮು ಮುಚ್ಚಿ, ಪ್ರತಿ ಸೈಟಿನಲ್ಲೂ ಒಂದು ಕಡಿಮೆಯಾಯಿತೇ ನೋಡಿ.

ಇಷ್ಟಾದರೂ ಡಬಲ್ ಬುಕಿಂಗ್ ಆಗುವುದು ಬಹುಪಾಲು ಕೌಂಟರಿನಲ್ಲೇ. ಸಂಜೆ ಆರಕ್ಕೆ ಒಬ್ಬರು ನೇರವಾಗಿ ಬರುತ್ತಾರೆ. ಹುಡುಗ ಕೊನೆಯ ಎಸಿ ರೂಮಿನ ಕೀ ಕೊಟ್ಟು, ರಿಜಿಸ್ಟರಿನಲ್ಲಿ ಬರೆದು, ಕಂಪ್ಯೂಟರಿಗೆ ಆಮೇಲೆ ಹಾಕೋಣ ಎಂದು ಬಿಡುತ್ತಾನೆ. ಅಷ್ಟರಲ್ಲಿ ಅದೇ ರೂಮು ಆನ್‌ಲೈನಿನಲ್ಲಿ ಮಾರಾಟವಾಗಿರುತ್ತದೆ. ರಾತ್ರಿ ಒಂಬತ್ತಕ್ಕೆ ಮಕ್ಕಳನ್ನು ಕಟ್ಟಿಕೊಂಡು ಬಂದ ಆ ಕುಟುಂಬಕ್ಕೆ ರೂಮಿಲ್ಲ ಎನ್ನಬೇಕಾಗುತ್ತದೆ. ಎಂಟ್ರಿ ಆಗದೆ ಕೀ ಕೊಡಬಾರದು. ಈ ಒಂದು ನಿಯಮದಲ್ಲಿ ಮಾಲೀಕರೂ ಸಡಿಲ ಬಿಡಬಾರದು. ಕರೆಂಟ್ ಹೋದಾಗ ಎಂಟ್ರಿ ನಿಲ್ಲದಂತೆ ಕಂಪ್ಯೂಟರ್, ರೂಟರ್ ಎರಡಕ್ಕೂ ಯುಪಿಎಸ್ ಇರಲಿ, ಜೊತೆಗೆ ಬೇರೆ ಕಂಪನಿಯ 4ಜಿ ಸಿಮ್.

ಬಿಲ್ಲಿನ ತೆರಿಗೆಯನ್ನೂ ಪರಿಶೀಲಿಸಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ 5% ಜಿಎಸ್‌ಟಿ, ಅದಕ್ಕೆ ಇನ್‌ಪುಟ್ ಕ್ರೆಡಿಟ್ (ನೀವು ಖರೀದಿಗಳ ಮೇಲೆ ಕಟ್ಟಿದ ಜಿಎಸ್‌ಟಿಯನ್ನು ಕಳೆದುಕೊಳ್ಳುವ ಅವಕಾಶ) ಇಲ್ಲ. ಅದಕ್ಕಿಂತ ಮೇಲಿನದಕ್ಕೆ 18%. ಸಾಫ್ಟ್‌ವೇರಿನಲ್ಲಿ ಹಳೆಯ 12% ಉಳಿದಿದ್ದರೆ ಗಿರಾಕಿಯಿಂದ ಹೆಚ್ಚು ವಸೂಲಿ ಮಾಡಿದಂತಾಗುತ್ತದೆ.

ಮೊದಲ ಎರಡು ವಾರ ರಿಜಿಸ್ಟರೂ ನಡೆಯಲಿ. ರಾತ್ರಿ ಹನ್ನೊಂದಕ್ಕೆ ಕೀ ಬೋರ್ಡು, ರಿಜಿಸ್ಟರ್, ಪರದೆ ಮೂರನ್ನೂ ತಾಳೆ ನೋಡಿ, ಯುಪಿಐ ಜಮೆಯನ್ನು ಬಿಲ್ಲುಗಳಿಗೆ ಹೊಂದಿಸಿ. ಸತತ ಏಳು ರಾತ್ರಿ ವ್ಯತ್ಯಾಸ ಬರದಿದ್ದರೆ ರಿಜಿಸ್ಟರಿನಲ್ಲಿ ರೂಮಿನ ಲೆಕ್ಕ ಬರೆಯುವುದನ್ನು ನಿಲ್ಲಿಸಬಹುದು. ಅತಿಥಿಯ ಸಹಿ, ಗುರುತಿನ ಚೀಟಿಯ ವಿವರ ಮಾತ್ರ ಮುಂದುವರಿಯಲಿ.